ಬಲಗಣ್ಣಿಗೂ ಹೇಳು

ಇಟ್ಟಿಗೆಗೂಡಿನ ನಮ್ಮ ಲಾಯಕ್ಕೆ ಬೆಳಗಿನ ಜಾವ
ಮೃಗಾಲಯದ ಸಿಂಹ ಗುಡುಗುವುದು ಕೇಳುತ್ತದೆ.
ಮೆಂತ್ಯ ಕಿವಿ ಕೂಡ ಹೊರಳಿಸುವುದಿಲ್ಲ,
ಹುರುಳಿ ಅಗಿಯುತ್ತಲೇ ಇರುತ್ತಾನೆ.
ಆದರೆ ಜೀನಿನ ಬಕಲ್ಲು ಟಕ್ ಅಂದರೆ ಸಾಕು,
ಮೈಯೆಲ್ಲ ಕಾಸಿ ಬಿಗಿದ ತಮಟೆ.

ಹೋದ ಮಾಘದಲ್ಲಿ ಯಾರದೋ ದಿಬ್ಬಣಕ್ಕೆ ಕೊಟ್ಟಿದ್ದೆ.
ಎರಡು ಸಾವಿರ ರೂಪಾಯಿ, ಮೇಲೊಂದು ಶಾಲು.
ಸರಪಟಾಕಿ ಹಚ್ಚಿದರು, ಅವನ ಕಾಲ ಬುಡದಲ್ಲೇ.
ಮದುಮಗ ಚರಂಡಿ ಪಕ್ಕ ಕೂತಿದ್ದ,
ಪೇಟ ಒಂದಿಷ್ಟೂ ಓರೆಯಾಗಿರಲಿಲ್ಲ.
ಜೀನು ಮಾತ್ರ ಹೊಟ್ಟೆಯಡಿಗೆ ಜಾರಿ
ಕಾಲಿಗೆ ಬಡಿಯುತ್ತ, ಬಡಿಯುತ್ತ
ನಜರಬಾದಿನವರೆಗೂ ಅವನನ್ನು ಅಟ್ಟಿಕೊಂಡು ಹೋಯಿತು.
ಶಾಲು ಇನ್ನೂ ಇದೆ. ನಾನು ಹೊದ್ದಿಲ್ಲ.

ಟಾಂಗಾ ಬಿಟ್ಟು ಹನ್ನೊಂದು ವರ್ಷವಾದ ಬುಡನ್ ಸಾಬರು
ಗೋಡೆಗೊರಗಿ, ಒಂದು ಬೀಡಿ ಮುಗಿಯುವಷ್ಟು ಹೊತ್ತು
ಅವನನ್ನೇ ನೋಡಿದರು.
"ಮಾರಿಬಿಡಲಾ?" ಅಂದೆ.
"ಜೀನು ಮಾರು. ಎರಡು ತಿಂಗಳು ಅದರ ಕೆಲಸವಿಲ್ಲ."
ಆಮೇಲೆ, ಹೋಗುತ್ತ ಹೋಗುತ್ತ,
"ಹೆದರಬೇಡ ಅಂತ ಅವನಿಗೆ ಹೇಳಬೇಡಮ್ಮ.
ಅದೇನು ಅಂತ ಹೇಳು."

ನಡೆದೆವು, ಅವನ ಹೆಗಲಿಗೆ ನನ್ನ ಹೆಗಲು,
ದೊಡ್ಡಕೆರೆ ಮೈದಾನದ ಬೇಲಿಗುಂಟ.
ಇದು ಎಳನೀರು ಬುರುಡೆಯ ರಾಶಿ.
ಇದು ನೀಲಿ ಟಾರ್ಪಾಲು, ಗಾಳಿ ಬಂದರೆ ಹೀಗೇ.
ಇವಳು ಸೈಕಲ್ಲು ಕಲಿಯುತ್ತಿದ್ದಾಳೆ, ಅವಳಿಗೆ ನಿನ್ನದೇ ಭಯ.
ಇದು ಬರೀ ಕಲ್ಲು.
ಮೂಸಿದ. ಬುಸ್ಸೆಂದ. ದಾಟಿದ.
ವಾಪಸ್ಸು ಬರುವಾಗ ಅದೇ ಕಲ್ಲಿಗೆ ಬೆಚ್ಚಿ
ನನ್ನ ಪಾದ ತುಳಿದ.

"ಹೋಗುವಾಗ ನೋಡಿದ್ದು ಎಡಗಣ್ಣು," ಸಾಬರು ನಕ್ಕರು,
"ಬಲಗಣ್ಣಿಗೆ ಯಾರು ಹೇಳಿದರು?"

ಅಂದಿನಿಂದ ಎಲ್ಲಕ್ಕೂ ಎರಡೆರಡು ಸಲ ಪರಿಚಯ.
ಊದಿದ ಪಾದ ಎಳೆದುಕೊಂಡು ಹೇಳಿದೆ,
ಮನೆ ಬಾಡಿಗೆ ಕಟ್ಟದ ತಿಂಗಳೂ ಹೇಳಿದೆ.
ಎಡಗಡೆಯ ಮೈಸೂರು, ಬಲಗಡೆಯ ಮೈಸೂರು.
ಹುಟ್ಟಿದಾಗಿನಿಂದ ಇಲ್ಲೇ ಇದ್ದವಳು
ಆ ಎರಡನೆಯದನ್ನು ನಾನೂ ನೋಡಿರಲಿಲ್ಲ.

ಬೆನ್ನಿಗೆ ಮೊದಲು ಹಾಕಿದ್ದು ಆ ಶಾಲು.
ಜರಿ ಬಿಸಿಲಿಗೆ ಮಿಂಚಿತು, ಚರ್ಮ ಒಮ್ಮೆ ನಡುಗಿ
ನೊಣ ಓಡಿಸಿದ ಹಾಗೆ ಸುಮ್ಮನಾಯಿತು.
ಆಮೇಲೆ ಐದು ಸೇರು ರಾಗಿಯ ಚೀಲ.
ಆಮೇಲೆ ಪಟ್ಟಿ ಕಟ್ಟದ ಜೀನು, ಬಿದ್ದರೆ ಬೀಳಲಿ ಅಂತ.
ಆಮೇಲೆ ಪಟ್ಟಿ, ಒಂದು ತೂತಿನಷ್ಟು.
ಎಳೆದಾಗಲೆಲ್ಲ ಉಸಿರು ಹಿಡಿದು ಹೊಟ್ಟೆ ಉಬ್ಬಿಸುತ್ತಿದ್ದ.
ಬಿಡುವವರೆಗೆ ಕಾಯುತ್ತ ನಾನು ಎಣಿಸುತ್ತಿದ್ದೆ.
ಒಂದು ದಿನ ಸಾಬರು ಹಿಂದಿನಿಂದ ಬಂದು
ನನ್ನ ಬೆನ್ನಿಗೆ ಅಂಗೈ ಇಟ್ಟರು:
"ಹಿಡಿದಿರುವುದು ಅವನೊಬ್ಬನೇ ಅಲ್ಲ."

ಕಲ್ಲುಬೆಂಚು ಹತ್ತಿ, ಮೂಟೆಯ ಹಾಗೆ ಅಡ್ಡ ಬಿದ್ದೆ.
ಇಳಿದೆ. ಮರುದಿನವೂ ಅಷ್ಟೇ.
ಶುಕ್ರವಾರ ಕಾಲು ಆಚೆ ಹಾಕಿ ಕೂತೆ.
ಮೂರು ಹೆಜ್ಜೆ.
"ಅಕ್ಕಾ, ಇಷ್ಟೇನಾ?" ಕಾಂಪೌಂಡಿನ ಮೇಲಿಂದ ಹುಡುಗರು.
ಇಷ್ಟೇ ಕಣ್ರೋ.
ಬಕೆಟ್ಟಿನಲ್ಲಿ ಬೆಲ್ಲ ಹಾಕಿದ ಬೂಸಾ ಕಲಸಿದೆ,
ಕೈ ನಡುಗುತ್ತಿತ್ತು.

ದೀಪಾವಳಿಗೆ ಇನ್ನೂ ವಾರವಿತ್ತು.
ಅವನ ಮೇಲೆ ಕೂತು, ಕಾರಂಜಿ ಕೆರೆಯ ಕಡೆಯಿಂದ
ಮುಸ್ಸಂಜೆ ಮರಳುತ್ತಿದ್ದೆ.
ಎಡಕ್ಕೆ, ಎರಡು ಬೀದಿಯಾಚೆ, ಒಂದು ಸಿಡಿಯಿತು.
ನಿಂತುಬಿಟ್ಟ. ನನ್ನ ಮೊಣಕಾಲುಗಳ ನಡುವೆ
ಅವನ ಪಕ್ಕೆಲುಬು ದೋಣಿಯ ಹಾಗೆ ಉಬ್ಬಿತು.
ಬಾಯಿ ಒಣಗಿತ್ತು ನನಗೆ. ಓಡಿದರೆ ಓಡಿದ, ಅಷ್ಟೇ.
ಒಂದು ಕಿವಿ ಮೆಲ್ಲಗೆ ಹಿಂದಕ್ಕೆ ತಿರುಗಿತು,
ನನ್ನ ಕಡೆಗೆ.

ಪಟಾಕಿ, ಅಂದೆ.
ಲಗಾಮು ಸಡಿಲಿಸಿ, ಅವನನ್ನು ಪೂರಾ ಒಂದು ಸುತ್ತು ತಿರುಗಿಸಿ
ಬಲಗಣ್ಣಿಗೂ ಹೇಳಿದೆ: ಪಟಾಕಿ.
ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ,
ಒಂದು ಹುಣಸೆಮರ, ಮುಚ್ಚಿದ ಇಸ್ತ್ರಿ ಅಂಗಡಿ, ಕತ್ತಲು.
ಆ ಏನೂ ಇಲ್ಲದ್ದನ್ನು ತುಂಬ ಹೊತ್ತು ನೋಡಿದ ಮೆಂತ್ಯ.
ಆಮೇಲೆ ಉದ್ದಕ್ಕೆ ಉಸಿರು ಬಿಟ್ಟ,
ಯಾರು ಮೊದಲು ಬಿಟ್ಟೆವೋ ಹೇಳಲಾರೆ,
ಮನೆಯ ಕಡೆ ಕಾಲು ಹಾಕಿದ.