ನೀರು ಕುಡಿದಷ್ಟು ಸುಲಭ

ನೀರು ಕುಡಿದಷ್ಟು ಸುಲಭ ಅನ್ನುತ್ತೇವಲ್ಲ,
ಆ ಮಾತನ್ನು ಸರಾಯೆವೊದ ಸೆನಾದಾಳ ಮುಂದೆ ಆಡಬೇಡಿ.
ಹದಿನೇಳು ವರ್ಷದಿಂದ ಟ್ರಾಮ್ ಓಡಿಸುತ್ತಾಳೆ,
ಮೂರನೇ ನಂಬರಿನದು.
ಈ ತುದಿಗೆ ಇಲಿಜಾ, ಬೆಟ್ಟದ ಬುಡದಲ್ಲಿ ನದಿಯೊಂದು
ಹುಟ್ಟಿದ ಗಳಿಗೆಯಲ್ಲೇ ಹರಿಯಲು ಕಲಿತ ಜಾಗ.
ಆ ತುದಿಗೆ ಹಳೇಪೇಟೆ, ಮರದ ಮಂಟಪದ ಕಾರಂಜಿ,
ಪಾರಿವಾಳಗಳು ತಲೆಯೆತ್ತದೆ ಹೀರುವ ಜಾಗ.
ದಿನವಿಡೀ ನೀರಿನಿಂದ ನೀರಿಗೆ ಹೋಗಿಬರುತ್ತಾಳೆ,
ನಡುವೆ ಅವಳ ಗಂಟಲು ಮಾತ್ರ
ಒಣ ಹಳಿ.

ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ.
ಅಷ್ಟೇ ಕಾರಣ.
ಗಂಡಸು ಡ್ರೈವರುಗಳು ಡಿಪೋ ಗೋಡೆಯ ಹಿಂದೆ ಹೋಗಿ
ಸಿಳ್ಳೆ ಹಾಕುತ್ತ ಬರುತ್ತಾರೆ.
ಅವಳಿಗೆ ಗೋಡೆಯಿಲ್ಲ.
ಕೊನೇ ನಿಲ್ದಾಣದಲ್ಲಿ ಆರು ನಿಮಿಷ, ತಡವಾದರೆ ಎರಡು.
ಪೆಡಲಿನ ಮೇಲೆ ಪಾದ, ಕಾಲ ಮೇಲೆ ಕಾಲು ಹಾಕುವಂತಿಲ್ಲ;
ಕೆಂಪು ದೀಪಗಳನ್ನು ಎಣಿಸುತ್ತ ತಡೆದು ಕೂರುತ್ತಾಳೆ,
ಮುಟ್ಟಿನ ದಿನಗಳಲ್ಲಿ ಕಪ್ಪು ಪ್ಯಾಂಟು ತೊಟ್ಟು.

ತಡೆಯುವುದೇನು ಹೊಸದಲ್ಲ.
ಹನ್ನೆರಡರ ಹುಡುಗಿ, ಸುತ್ತಲ ಗುಡ್ಡಗಳಿಂದ ಗುಂಡು,
ಬಿಯರ್ ಕಾರ್ಖಾನೆಯ ನಲ್ಲಿಯ ಮುಂದೆ ಸಾಲು,
ಕೈಗೊಂದು ಕ್ಯಾನು.
ಅಮ್ಮ ಜುಮ್ರೇತಾ ಕಾಫಿ ಬಟ್ಟಲಿನಲ್ಲಿ ನೀರು ಅಳೆಯುತ್ತಿದ್ದಳು:
ತಮ್ಮನಿಗೆ ಮೂರು, ನಿನಗೆ ಎರಡು.
ತನಗೆ? ತುಟಿ ಒರೆಸಿಕೊಂಡು, ‘ನಂದಾಯ್ತು.’
ಆ ಸುಳ್ಳನ್ನು ಮಗಳು
ಎದೆಹಾಲಿನ ಹಾಗೆ ಕುಡಿದು ಬೆಳೆದಳು.
ಈಗಲೂ ಕಾಫಿಯ ಜೊತೆ ಬರುವ ನೀರಿನ ಲೋಟವನ್ನು
ಪಕ್ಕದವರ ಕಡೆಗೆ ಸರಿಸುತ್ತಾಳೆ.

ಹೋದ ನವೆಂಬರಿನಲ್ಲಿ, ತುಂಬಿದ ಟ್ರಾಮಿನಲ್ಲಿ,
ಪಕ್ಕೆಯೊಳಗೆ ಯಾರೋ ಚಾಕು ತಿರುವಿದಂತಾಯಿತು.
ಬ್ರೇಕು ಹಾಕಿದಳು. ಬಾಗಿಲು ತೆರೆದಳು.
ಆಮೇಲೆ ಕಿರುಚಿದಳು.
ಕ್ರಮ ತಪ್ಪಲಿಲ್ಲ.

ಡಾಕ್ಟರ ಹೆಸರು ಇಂದಿರಾ,
ಹೌದು, ಆ ಊರಿನಲ್ಲೂ ಇಂದಿರೆಯರಿದ್ದಾರೆ.
ಪರದೆಯ ಮೇಲೆ ಕಡಲೆಕಾಳಿನಷ್ಟು ಕಲ್ಲು ತೋರಿಸಿ
‘ಯುದ್ಧ ಮುಗಿದು ಎಷ್ಟು ಕಾಲವಾಯಿತು, ಸೆನಾದಾ?
ಇನ್ನೂ ಯಾರಿಗೆ ಉಳಿಸುತ್ತಿದ್ದೀ ನೀರು?’ ಅಂದಳು.
ಚೀಟಿಯಲ್ಲಿ, ಮಾತ್ರೆಗಳಿಗಿಂತ ಮೇಲೆ ಬರೆದಳು:
ಎಂಟು ಲೋಟ.

ಮೊದಲ ವಾರ ಎಂಟನ್ನೂ ರಾತ್ರಿಯೇ ಕುಡಿದು
ಬೆಳಗಾಗುವವರೆಗೆ ನಡೆದಾಡಿದಳು.
ಕೊನೇ ನಿಲ್ದಾಣದ ಎದುರು ರಾಜಿಯಾಳ ಬುರೇಕ್ ಅಂಗಡಿ,
ಒಳಗೊಂದು ಕಕ್ಕಸು.
ಕೇಳಲು ಮತ್ತೂ ನಾಲ್ಕು ದಿನ ಬೇಕಾಯಿತು.
‘ಇಷ್ಟು ವರ್ಷ ಗಾಜಿನಾಚೆ ಮೊಣಕಾಲು ಜೋಡಿಸಿ ನಿಲ್ಲುತ್ತಿದ್ದೆ,
ಒಂದು ಮಾತು ಕೇಳಬಾರದಿತ್ತೇ?’
‘ಇಷ್ಟು ವರ್ಷ ನೋಡುತ್ತಿದ್ದೆ,
ಒಂದು ಸಲ ಕರೆಯಬಾರದಿತ್ತೇ?’
ಇಬ್ಬರ ಬಳಿಯೂ ಉತ್ತರವಿರಲಿಲ್ಲ.
ಕೀಲಿಕೈ ಇತ್ತು, ಮರದ ಸೌಟಿಗೆ ಕಟ್ಟಿದ್ದು.

ಈಗ ಬಾಟಲಿಯ ಮೈಮೇಲೆ ಉಗುರುಬಣ್ಣದ ಗೆರೆಗಳು,
ಸೇತುವೆಗೊಂದು, ಮಾರುಕಟ್ಟೆಗೊಂದು.
ಮರೆತ ದಿನ ಗೆರೆ ಗದರುತ್ತದೆ.
ನಾಲ್ಕನೇ ನಂಬರಿನ ಹೊಸ ಹುಡುಗಿ
ಸೌಟು ಎಲ್ಲಿದೆ ಅಂತ ಕಣ್ಣಲ್ಲೇ ಕೇಳುತ್ತಾಳೆ.
ಟ್ರಾಮು ಮೂರು ನಿಮಿಷ ತಡ.
ಟೋಪಿಯವನೊಬ್ಬ ಗಡಿಯಾರ ತಟ್ಟುತ್ತಾನೆ.
ತಟ್ಟಲಿ.

ಸಂಜೆ ಮನೆಯಲ್ಲಿ ಎರಡು ಲೋಟ ತುಂಬಿಸುತ್ತಾಳೆ.
ಎಪ್ಪತ್ತು ದಾಟಿದ ಜುಮ್ರೇತಾ ತುಟಿ ಒರೆಸಿಕೊಂಡು
‘ನಂದಾಯ್ತು’ ಅನ್ನುತ್ತಾಳೆ.
ಮಗಳು ಸಮವಸ್ತ್ರವನ್ನೂ ಬಿಚ್ಚದೆ ಎದುರಿಗೆ ಕೂರುತ್ತಾಳೆ,
ಆ ಸುಕ್ಕು ಗಂಟಲು
ಒಮ್ಮೆ ಏರಿ, ಇಳಿದು,
ಮತ್ತೊಮ್ಮೆ ಏರುವುದನ್ನು
ಕಣ್ಣಾರೆ ಕಂಡೇ ಏಳುತ್ತಾಳೆ.