ಅಣವೀರನ ಕ್ಲಚ್ ಪ್ಲೇಟು

ಗೇರ್ ಬಾಕ್ಸ್ ಕೆಳಗಿಳಿಸೀನಿ ತಮ್ಮಾ ಅಣವೀರ,
ಕೈ ಒರೆಸಿಕೊಂಡು ಹೇಳ್ತೀನಿ, ಕುಂದ್ರು.
ಆ ಫರಸಿ ಮ್ಯಾಲ ಆಯಿಲ್ ಚೆಲ್ಲ್ಯದ, ಈ ಕಡಿ ಕುಂದ್ರು.

ಹೈದರಾಬಾದಿಗೆ ಹೋಗಿ ಹದಿನೆಂಟು ಸಾವಿರ ಕೊಟ್ಟು
ಲ್ಯಾಪ್‌ಟಾಪ್ ಹಚ್ಚಿಸಿಕೊಂಡು ಬಂದಿ.
ಒಂದು ನಟ್ಟು ಬಿಚ್ಚಲಿಲ್ಲ, ಒಂದು ಪಾನಾ ಹಿಡೀಲಿಲ್ಲ,
ಎಂಜಿನ್ನಿನ ಕಿವ್ಯಾಗ ಏನೋ ಊದಿ ಕಳಿಸಿದರು;
ಅದು ಮೂವತ್ತು ಕುದುರಿ ಹೆಚ್ಚಾತು.
ಸುಳ್ಳು ಅನ್ನಂಗಿಲ್ಲ ನಾ. ಖರೇನೆ ಆಗ್ಯದ.
ಆದರ ಆ ಸುದ್ದಿ
ಈ ಪ್ಲೇಟಿಗೆ ಯಾರೂ ಹೇಳಿಲ್ಲ.

ಇದರ ಕೆಲಸ ಏನಂತಿ?
ತಿರಗೋದಕ್ಕೂ ನಿಂತದ್ದಕ್ಕೂ ನಡುವ ಮಧ್ಯಸ್ತಿಕಿ.
ಎರಡು ಕಬ್ಬಿಣದ ಅಂಗೈ, ನಡುವ ಒಂದು ರೊಟ್ಟಿ.
ಅಂಗೈ ಎಷ್ಟು ಒತ್ತತಾವೋ ಅಷ್ಟೇ ಹಿಡಿತ.
ಕಂಪನಿಯವರು ಆ ಸ್ಪ್ರಿಂಗ್ ಕೂಡಿಸಿದ್ದು
ಹಳೇ ಎಂಜಿನ್ನಿನ ಹಸಿವು ನೋಡಿ,
ಮ್ಯಾಲೊಂದು ಹಿಡಿ ಹೆಚ್ಚಿಗಿ ಇರಲಿ ಅಂತ.
ನೀ ಆ ಹಿಡಿನೂ ತಿಂದಿ,
ತಾಟೂ ನೆಕ್ಕಿದಿ.

ಕಾಗಿಣಾ ಬ್ರಿಡ್ಜ್ ದಾಟಿ ಏರು ಹತ್ತೋಮುಂದ
ಐದನೇ ಗೇರಿನ್ಯಾಗೇ ತುಳದಿ ಅಲ್ಲ,
ಸುಣ್ಣಗಲ್ಲಿನ ಟಿಪ್ಪರಿಗೆ ಓವರ್‌ಟೇಕ್ ಹೊಡೀಲಿಕ್ಕೆ?
ಒಂದು ಮುಳ್ಳು ಸರ್ರಂತ ಮ್ಯಾಲ ಹೋತು,
ಇನ್ನೊಂದು ಎಪ್ಪತ್ತರ ಮ್ಯಾಲೇ ಕುಂತಿತು, ಏಳಲಿಲ್ಲ.
ನೀ ತಿಳದಿ, ವಾಹ್, ಏನ್ ಆವಾಜ್!
ಅದು ಓಡೋ ಆವಾಜ್ ಅಲ್ಲೋ ಹುಚ್ಚಾ,
ಜಾರೋ ಆವಾಜ್.
ಟಿಪ್ಪರಿನವ ಕನ್ನಡ್ಯಾಗ ನಿನ್ನ ನೋಡಿ
ಎಲಿಗೆ ಸುಣ್ಣ ಹಚ್ಚಿಕೊಂಡಿರಬೇಕು, ಸಾವಕಾಶ.

ತಗೋ, ಮೂಸು.
ಮೂಸಂದ್ರ ಮೂಸಪ್ಪಾ, ನಾಚಿಕಿ ಯಾಕ?
ಮುಟ್ಟು ಈಗ. ಗಾಜು. ಒರಟುತನ ಒಂಚೂರೂ ಉಳದಿಲ್ಲ.
ನಮ್ಮ ಶಹಾಬಾದಿನ್ಯಾಗ ಫರಸಿ ಪಾಲಿಶ್ ಆದರ ರೊಕ್ಕ ಬರ್ತದ,
ಕ್ಲಚ್ ಪಾಲಿಶ್ ಆದರ ಹೋಗ್ತದ.
ಫ್ಲೈವೀಲ್ ಮ್ಯಾಲ ಈ ನೀಲಿ ಕಲಿ,
ಇವು ಕಾದು ಕಾದು ಬಿದ್ದ ಬಾಸುಂಡಿ.

"ಗಟ್ಟಿ ಕ್ಲಚ್ ಹಾಕಿಬಿಡು ಸಾಬಣ್ಣ" ಅಂತಿ.
ಹಾಕ್ತೀನಿ. ನನಗೇನು, ನನ್ನ ಮಜೂರಿ ನನಗ.
ಆದರ ಬಿಗಿ ಸ್ಪ್ರಿಂಗ್ ಅಂದ್ರ ಬಿಗಿ ಪೆಡಲ್.
ಖಣಿ ಟ್ರಕ್ ಹನ್ನೊಂದು ವರ್ಷ ಹೊಡದೀನಿ,
ಈ ಎಡ ಮೊಣಕಾಲು ಇವತ್ತಿಗೂ
ಗ್ವಾಡಿ ಹಿಡೀದೆ ಏಳಂಗಿಲ್ಲ.
ಕಲಬುರಗಿ ಸೂಪರ್ ಮಾರ್ಕೆಟಿನ್ಯಾಗ ಸಂಜಿ ಆರಕ್ಕ
ತುಳಿ, ಬಿಡು, ತುಳಿ, ಅರ್ಧ ಬಿಡು, ಆಟೋದವ ಅಡ್ಡ ಬಂದ, ತುಳಿ.
ಎಷ್ಟು ಕುದುರಿ ಅಂತ ನಿನ್ನ ತೊಡೀನೇ ಎಣಸ್ತದ.

ಮತ್ತ ಬಲ ಅನ್ನೋದು ಸುಮ್ಮ ಕುಂದ್ರಂಗಿಲ್ಲ.
ಇಲ್ಲಿ ಬಾಗಿಲ ಹಾಕಿದರ ಮುಂದಿನ ಮನಿ ಬಡೀತದ:
ಗೇರಿನ ಹಲ್ಲು, ಆಮ್ಯಾಲ ಆಕ್ಸಲ್.
ಎಲ್ಲಿ ಸವದದೋ ಅಲ್ಲೇ ನಿಲ್ತದ,
ಫೈನಾನ್ಸಿನ ವಸೂಲಿ ಹುಡುಗರ ಹಂಗ.

ಇನ್ನೊಂದು ಮಾತು, ಕೇಳಿದರ ಕೇಳು.
ಸೀಟ್ ಬಿಚ್ಚೋಮುಂದ ಪಟ್ಟಿ ನೋಡಿದೆ.
ಎರಡು ಕಡಿ ಸವದದ.
ಒಂದು ಹಿಂದ, ನಿನ್ನ ಉದ್ದಕಾಲಿಂದು.
ಇನ್ನೊಂದು ಪುರಾ ಮುಂದ, ಸ್ಟೇರಿಂಗಿಗೆ ಹತ್ತಿ.
ಮ್ಯಾಟಿನ ಮ್ಯಾಲ ಸಣ್ಣ ಹಿಮ್ಮಡ ಊರಿದ ಕುಳಿ.
ಡಿಕ್ಕ್ಯಾಗ ಲಸಿಕಿ ಡಬ್ಬಿ ಕಟ್ಟೋ ಪಟ್ಟಿ.
ಇಂದುಮತಿ ತಂಗಿ ಚಿತ್ತಾಪುರದ ಹಳ್ಳಿಗೆಲ್ಲ
ಇದೇ ಗಾಡಿ ತಗೊಂಡು ಹೋಗ್ತಾಳ ಅಲ್ಲ?
ಆಕಿಗೆ ಕೇಳಿದೇನು?

ಸುಮ್ಮ ಯಾಕ ನಿಂತಿ. ಫೋನ್ ಹಚ್ಚು.
ಹಳೇ ಲೆಕ್ಕ ವಾಪಸ್ ತುಂಬಿಸಿ, ಕಂಪನಿ ಪ್ಲೇಟೇ ಕೂಡಸೋದೋ,
ಬಿಗಿದು ತರಸೋದೋ,
ಕಾಲು ಯಾರದೋ ಅವರು ಹೇಳಲಿ.

ಈ ಸುಟ್ಟದ್ದು ನನಗ ಬಿಡು,
ನೀರಿನ ಗಡಗಿ ಕೆಳಗ ಇಡ್ತೀನಿ.
ಈ ಬ್ಯಾಸಗಿಗೆ ಇದು ಐದನೇದು.
ಗಡಗಿ ಮಾತ್ರ ಒಂದೇ ಅದ.

ಲೇ ಮಶಾಕ, ಎರಡು ಚಾ ಹೇಳೋ,
ಒಂದು ಸಕ್ರಿ ಇಲ್ಲದ್ದು.