ಕಡ ಕೊಟ್ಟ ಕಿವಿ

ಹಟ್ಟಿ ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ಕೆಳಗೆ,
ಪ್ಲಗ್ ಬಿಚ್ಚಿದ ತೂತಿನೊಳಗೆ
ಹುಸೇನಪ್ಪ ಮಾವ ಸೈಕಲ್ ಕಡ್ಡಿಯೊಂದನ್ನು ಇಳಿಬಿಟ್ಟ.
ಕಡ್ಡಿಗೆ ಅರದಲ್ಲಿ ಗೀರಿದ ಎರಡು ಗೆರೆ:
ಒಂದು, ಪಿಸ್ಟನ್ ನೆತ್ತಿ ಮುಟ್ಟಿದ್ದಕ್ಕೆ,
ಇನ್ನೊಂದು, ಕಿಡಿ ಹಾರಬೇಕಾದ್ದಕ್ಕೆ.
ನಡುವೆ ಹೆಬ್ಬೆರಳ ಉಗುರಿನ ದಪ್ಪ.

"ನೆತ್ತಿ ಮುಟ್ಟಿದ ಮ್ಯಾಲ ಬೆಂಕಿ ಕೊಟ್ರ ಏನ್ ಬಂತು ಹುಲಿಗಿ?
ಬೆಂಕಿಗೂ ನಡಿಯಾಕ ಹೊತ್ತು ಬೇಕು.
ಚೂರು ಮದ್ಲ ಕೊಡಬೇಕು. ಚೂರ."
ಲಿಂಗಸುಗೂರು ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು.
ಮೆಲ್ಲಗೇ ಮಾತಾಡಿದೆ ಅಂತ ಅವನ ಲೆಕ್ಕ.

ಇಪ್ಪತ್ತೆರಡು ವರ್ಷ ಗಣಿಯ ಕಲ್ಲು ಅರೆಯುವ ಮಿಲ್ಲಿನಲ್ಲಿದ್ದ.
ಕಲ್ಲಿನಿಂದ ಬಂಗಾರ ಬೇರೆಯಾಗುತ್ತ ಹೋಯಿತು,
ಅವನಿಂದ ಸದ್ದು.

ಗಾಡಿ ಮುದಗಲ್ಲಿನ ಕಂಪೌಂಡರ್ ಜಂಬಣ್ಣನದು,
ಎಪ್ಪತ್ನಾಲ್ಕರ ಬುಲೆಟ್.
ನಿನ್ನೆ ಕಿಕ್ಕರ್ ತಿರುಗಿ ಒದ್ದು ಹರಡು ಬಾತಿದೆ.
ತನ್ನ ಮುಲಾಮು ತಾನೇ ಹಚ್ಚಿಕೊಂಡು
ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಾನೆ.

ಟಾಪ್ ಗೇರಿಗೆ ಹಾಕಿ ಹಿಂದಿನ ಗಾಲಿ ತಿರುಗಿಸುವವಳು ನಾನು,
ಇರುವೆ ನಡೆದಷ್ಟೇ.
ಜಂಬಣ್ಣನ ಹತ್ತಿರ ಸಿಗರೇಟೊಂದು ಇಸಿದುಕೊಂಡು
ಮಾವ ತಂಬಾಕು ಉದುರಿಸಿದ, ಬಿಳಿ ಹಾಳೆ ಹರಿದು
ಪಾಯಿಂಟಿನ ತುಟಿಗಳ ನಡುವೆ ಇಟ್ಟ.
ಎರಡು ಬೆರಳಲ್ಲಿ ಹಗೂರ ಎಳೆಯುತ್ತಾನೆ, ಕಣ್ಣು ಮುಚ್ಚಿ.
ಹಾಳೆ ಕಚ್ಚಿಕೊಂಡಿದೆ.
ಕಚ್ಚಿಕೊಂಡಿದೆ.
ಕಚ್ಚಿಕೊಂಡೇ ಇದೆ
ಬಿಟ್ಟಿತು.
"ನಿಲ್ಲು!"

ಕಡ್ಡಿ ನೋಡಿದೆ. ಗೆರೆ ಇನ್ನೂ ತೂತಿನೊಳಗೆ, ಬಹಳ ಒಳಗೆ.
ಸುಮ್ಮನೆ ಒದ್ದಿರಲಿಲ್ಲ ಗಾಡಿ.
ಎರಡು ಸ್ಕ್ರೂ ಸಡಿಲಿಸಿ, ತಟ್ಟೆಯನ್ನು ಕೂದಲೆಳೆ ಸರಿಸಿ,
ಮತ್ತೆ ಹಾಳೆ, ಮತ್ತೆ ಗಾಲಿ.
ನಾಲ್ಕನೇ ಸಲಕ್ಕೆ ಗೆರೆಯೂ ಹಾಳೆಯೂ ಒಟ್ಟಿಗೆ ಬಂದವು.
ಪ್ಲಗ್ ಕೂಡಿಸಿ ನಾನೇ ಕಿಕ್ ಹೊಡೆದೆ.

"ಏನಂತೈತಿ?"

ಮೊದಮೊದಲು ಚಲೋ ಐತಿ ಅನ್ನುತ್ತಿದ್ದೆ. ಸಿಟ್ಟಾಗುತ್ತಿದ್ದ:
"ಚಲೋ ಅಂದ್ರ ಅದ್ಯಾವ ಸದ್ದು?"
ಹಂಗಾಗಿ ಮಾತು ಕೂಡಿಸಿಟ್ಟುಕೊಂಡಿದ್ದೇನೆ.
ಹಂಚಿನ ಮೇಲೆ ಜೋಳ ಸಿಡಿದಂಗ, ಅಂದರೆ ಕಿಡಿ ಬೇಗ.
ತುಂಬಿದ ಚೀಲ ಎಳೆದಂಗ, ಅಂದರೆ ತಡ.
ಇವತ್ತಿನದು ಎರಡೂ ಅಲ್ಲ.

"ರೊಟ್ಟಿ ಬಡದಂಗ ಐತಿ ಮಾವ," ಅಂದೆ,
ನನ್ನ ತುಟಿ ಅವನಿಗೆ ಕಾಣುವಂತೆ.
"ಯಾರು ಬಡದಂಗ?"
ಅಂಗೈ ಮೇಲೆ ಅಂಗೈ ತಟ್ಟಿ ತೋರಿಸಿದೆ. "ಅತ್ತಿ."
ಎಲುಬು ನೋವಿಗೆ ಅತ್ತೆ ರೊಟ್ಟಿ ಬಿಟ್ಟು ಮೂರು ವರ್ಷ.
ಈಗ ಖಾನಾವಳಿಯಿಂದ ಬರುತ್ತವೆ, ಕಾಗದದಲ್ಲಿ ಸುತ್ತಿ.
"ಅವಸರದಾಗ ಬಡಿಯೋದೋ, ಸಾವಕಾಶ ಬಡಿಯೋದೋ?"
"ಸಾವಕಾಶ. ಆಯ್ತವಾರದ್ದು."

ಮಾವ ಟ್ಯಾಂಕಿನ ಮೇಲೆ ಅಂಗೈ ಇಟ್ಟ.
ಎಣ್ಣೆ ಕೈ, ಸೀಟಿನ ಬಟ್ಟೆಯಲ್ಲಿ ಒರೆಸಿಕೊಳ್ಳದೆ.

ಜಂಬಣ್ಣ ಕಲ್ಲಿನಿಂದಲೇ ಕೂಗಿದ: "ಎಷ್ಟಾತು?"
ಅದನ್ನು ಮಾವನಿಗೆ ದಾಟಿಸುವುದು
ನಾನು ಸ್ವಲ್ಪ ತಡ ಮಾಡಿದೆ.